ಕಪಾಟಿನಲ್ಲಿ ಇರುವುದರಿಂದಲೇ ಕ್ಯಾಸರೋಲ್: ನೀರಿನ ಲೆಕ್ಕ ತಿಳಿದರೆ ಅರ್ಧ ಅಡುಗೆ ಆದಂತೆ

ಕಪಾಟಿನಲ್ಲಿ ಒಂದು ಪೊಟ್ಟಣ ಪಾಸ್ತಾ ಇದೆ. ಬೇಯಿಸಿದ ಕಾಳಿನ ಒಂದೆರಡು ಟಿನ್ ಇವೆ. ಟೊಮ್ಯಾಟೊ ಟಿನ್, ಮೈದಾ, ಹಾಲಿನ ಪುಡಿ, ಎರಡು ಈರುಳ್ಳಿ, ಒಣಗಿ ಗಟ್ಟಿಯಾದ ನಾಲ್ಕು ಹೋಳು ಬ್ರೆಡ್. ಹಸಿ ತರಕಾರಿ ಅಂತ ಹೆಚ್ಚೇನೂ ಇಲ್ಲ. ಇಷ್ಟರಲ್ಲೇ ಐದಾರು ಜನರಿಗೆ ಹೊಟ್ಟೆ ತುಂಬುವ ರಾತ್ರಿಯೂಟ ಆಗುತ್ತದೆ. ಎಲ್ಲವನ್ನೂ ಒಂದು ಅಗಲವಾದ ಪಾತ್ರೆಗೆ ಹಾಕಿ, ಓವನ್‌ನಲ್ಲಿಟ್ಟು, ಮೇಲೊಂದು ಗರಿಗರಿ ಪದರ ಬರುವ ತನಕ ಬೇಯಿಸಿದರೆ ಅದೇ ಕ್ಯಾಸರೋಲ್.

ಕೇಳೋಕೆ ಸುಲಭ. ಆದರೂ ಅನೇಕರಿಗೆ ಇದು ಕೈಕೊಡುತ್ತದೆ. ಒಂದೋ ಬಡಿಸುವಾಗ ತಟ್ಟೆ ತುಂಬ ನೀರು ಹರಿಯುತ್ತದೆ, ಇಲ್ಲವೇ ಪಾಸ್ತಾ ಒಣಗಿ ಮುದ್ದೆಯಾಗಿರುತ್ತದೆ, ಅಕ್ಕಿ ನಡುವೆ ಗಟ್ಟಿ ಉಳಿದಿರುತ್ತದೆ. ನೋಡಲು ಇವು ಬೇರೆ ಬೇರೆ ತೊಂದರೆಗಳು. ಬೇರು ಮಾತ್ರ ಒಂದೇ. ಪಾತ್ರೆಯೊಳಗೆ ಯಾರು ನೀರು ಕುಡಿಯುತ್ತಾರೆ, ಯಾರು ನೀರು ಬಿಡುತ್ತಾರೆ ಅನ್ನುವ ಲೆಕ್ಕ ತಪ್ಪಿರುತ್ತದೆ. ಈ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ರೆಸಿಪಿ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಇದ್ದ ಸಾಮಾನಿನಿಂದಲೇ ಅಡುಗೆ ಕಟ್ಟಬಹುದು. ಹಾಗಾಗಿ ಈ ಲೇಖನದಲ್ಲಿ ರೆಸಿಪಿಗಿಂತ ಲೆಕ್ಕವೇ ಜಾಸ್ತಿ.

ಮೊದಲು ಅಡುಗೆಯ ಕಟ್ಟು ನೋಡೋಣ. ಯಾವುದೇ ಕ್ಯಾಸರೋಲ್‌ನಲ್ಲಿ ಹೊಟ್ಟೆ ತುಂಬಿಸುವ ಪಿಷ್ಟ ಇರುತ್ತದೆ: ಪಾಸ್ತಾ, ಅಕ್ಕಿ, ಆಲೂಗಡ್ಡೆ ಅಥವಾ ಬ್ರೆಡ್. ಜೊತೆಗೆ ಪ್ರೋಟೀನ್ ಕೊಡುವ ಕಾಳು, ಮೊಟ್ಟೆ, ಟಿನ್ ಮೀನು ಅಥವಾ ಮಾಂಸ. ಒಂದಿಷ್ಟು ತರಕಾರಿ. ಇವನ್ನೆಲ್ಲ ಹಿಡಿದಿಡುವ ಸಾಸ್. ಮೇಲೆ ಗರಿಗರಿ ಹೊದಿಕೆ.

1955ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅವರ ತಂಡ ತಯಾರಿಸಿದ ಗ್ರೀನ್ ಬೀನ್ ಕ್ಯಾಸರೋಲ್ ಪ್ರಸಿದ್ಧ. ಹುರುಳಿಕಾಯಿ, ಅಣಬೆ ಕ್ರೀಮ್ ಸೂಪ್‌ನ ಟಿನ್, ಸ್ವಲ್ಪ ಹಾಲು, ಸೋಯಾ ಸಾಸ್, ಕಾಳುಮೆಣಸಿನ ಪುಡಿ, ಕರಿದ ಈರುಳ್ಳಿ, ಅಷ್ಟೇ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಇವೆಲ್ಲ ಕಪಾಟಿನಲ್ಲೋ ಫ್ರಿಜ್‌ನಲ್ಲೋ ಮೊದಲೇ ಇರುವ ಸಾಮಾನು ಎಂಬುದೇ ಅದು ಹಬ್ಬಲು ದೊಡ್ಡ ಕಾರಣ. ಆ ಸೂಪ್ ಟಿನ್ 1934ರಿಂದಲೇ ಮಾರುಕಟ್ಟೆಯಲ್ಲಿತ್ತು. ಅಡುಗೆಯವರು ಅದನ್ನು ಕುಡಿಯುವ ಸೂಪ್ ಎನ್ನುವುದಕ್ಕಿಂತ ಸಿದ್ಧ ಸಾಸ್ ಎಂದೇ ಬಳಸಿದರು. ಅಣಬೆ, ನೀರು ಬಿಟ್ಟರೆ ಅದರೊಳಗೆ ಮುಖ್ಯವಾಗಿ ಇರುವುದು ಹಿಟ್ಟು, ಕೊಬ್ಬು, ಹಾಲಿನ ಅಂಶ, ಉಪ್ಪು. ಈ ನಾಲ್ಕೂ ನಮ್ಮ ಕಪಾಟಿನಲ್ಲೇ ಇರುವಾಗ ಆ ಟಿನ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಯಾರು ಕುಡಿಯುತ್ತಾರೆ, ಯಾರು ಬಿಡುತ್ತಾರೆ

ಒಲೆಯ ಮೇಲೆ ಬೇಯಿಸುವಾಗ ನೀರು ಜಾಸ್ತಿಯಾದರೆ ಕುದಿಸಿ ಬತ್ತಿಸಬಹುದು, ಕಡಿಮೆಯಾದರೆ ಸೇರಿಸಬಹುದು. ಮುಚ್ಚಿದ ಕ್ಯಾಸರೋಲ್‌ನಲ್ಲಿ ಈ ಅವಕಾಶ ಇಲ್ಲ. ಫಾಯಿಲ್ ಬಿಗಿಯಾಗಿದ್ದರೆ ಆವಿ ಹೊರಗೆ ಹೋಗುವುದು ತೀರಾ ಕಡಿಮೆ. ಒಳಗೆ ಎಷ್ಟು ನೀರು ಹಾಕಿದ್ದೀರೋ ಹೆಚ್ಚುಕಡಿಮೆ ಅಷ್ಟೂ ಒಳಗೇ ಉಳಿಯುತ್ತದೆ. ಅದಕ್ಕೇ ಓವನ್‌ಗೆ ಇಡುವ ಮೊದಲೇ ಲೆಕ್ಕ ಸರಿಯಿರಬೇಕು.

ದೊಡ್ಡ ಕುಡುಕರು ಒಣ ಧಾನ್ಯಗಳು. 100 ಗ್ರಾಂ ಒಣ ಪಾಸ್ತಾ ಬೆಂದ ಮೇಲೆ 220ರಿಂದ 240 ಗ್ರಾಂ ತೂಗುತ್ತದೆ. ಅಂದರೆ ತನ್ನ ತೂಕದ ಒಂದೂಕಾಲು ಪಟ್ಟಿನಷ್ಟು ನೀರನ್ನು ಅದು ಹೀರಿರುತ್ತದೆ. ಬಿಳಿ ಅಕ್ಕಿ ಓವನ್‌ನಲ್ಲಿ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಬೇಯಬೇಕಾದರೆ ಒಂದು ಕಪ್‌ಗೆ ಎರಡು ಕಪ್ ದ್ರವ ಇಡಿ. ಪಾಲಿಶ್ ಮಾಡದ ಕೆಂಪಕ್ಕಿ, ಕಂದು ಅಕ್ಕಿಗೆ ನೀರಿಗಿಂತ ಸಮಯ ಹೆಚ್ಚು ಬೇಕು. ಹೊರಗಿನ ತವುಡಿನ ಪದರ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಬಿಳಿ ಅಕ್ಕಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೆಂದರೆ ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹಾಗಾಗಿ ಕಂದು ಅಕ್ಕಿಯನ್ನು ಬೇರೆಯಾಗಿ ಬೇಯಿಸಿಕೊಂಡೇ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಅದು ಬೇಯುವಷ್ಟರಲ್ಲಿ ತರಕಾರಿ ಕರಗಿಹೋಗಿರುತ್ತದೆ.

ನೀರು ಬಿಡುವವರನ್ನು ನಾವು ಮರೆಯುವುದೇ ಹೆಚ್ಚು. ಅಣಬೆಯ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ನೀರು. ಟಿನ್ ಟೊಮ್ಯಾಟೊ ಕೂಡ ಹಾಗೆಯೇ. ಫ್ರೀಜರ್‌ನಲ್ಲಿಟ್ಟ ತರಕಾರಿಯ ಕತೆ ಇನ್ನೂ ಬೇರೆ. ನೀರು ಹೆಪ್ಪುಗಟ್ಟುವಾಗ ಅದರ ಹರಳುಗಳು ತರಕಾರಿಯ ಒಳಗಿನ ಗೋಡೆಗಳನ್ನು ಹರಿದುಬಿಡುತ್ತವೆ. ಹೆಪ್ಪು ಕರಗಿದ ಕೂಡಲೇ ನೀರೆಲ್ಲ ಸಾಸ್‌ಗೆ ಇಳಿಯುತ್ತದೆ. ಬಟಾಣಿ, ಜೋಳದ ಕಾಳು ಆದರೆ ಅಷ್ಟೇನೂ ತೊಂದರೆಯಿಲ್ಲ, ನೇರವಾಗಿ ಹಾಕಬಹುದು. ಪಾಲಕ್‌ನಂತಹ ಸೊಪ್ಪನ್ನು ಮಾತ್ರ ಕರಗಿಸಿ, ಮುಷ್ಟಿಯಲ್ಲಿ ಚೆನ್ನಾಗಿ ಹಿಂಡಿಯೇ ಹಾಕಬೇಕು. ಅಣಬೆಯನ್ನು ಬಾಣಲೆಯಲ್ಲಿ ನೀರು ಬಿಟ್ಟು ಮತ್ತೆ ಒಣಗುವ ತನಕ ಬಾಡಿಸಬೇಕು. ಈರುಳ್ಳಿಯೂ ಹಾಗೆಯೇ. ಹಸಿ ಈರುಳ್ಳಿಯನ್ನು ಸುಮ್ನೆ ಕಲಸಿ ಓವನ್‌ಗೆ ಇಟ್ಟರೆ ಅದು ನೀರು ಬಿಡುವುದು ಮಾತ್ರವಲ್ಲ, ಹಸಿ ಘಾಟನ್ನೂ ಉಳಿಸುತ್ತದೆ.

ಈಗ ಪಾಸ್ತಾದ ಲೆಕ್ಕಕ್ಕೆ ಬರೋಣ. ಎರಡು ದಾರಿಗಳಿವೆ. ಮೊದಲೇ ಕುದಿಸಿ ಹಾಕುವುದಾದರೆ ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಮೂರು ನಿಮಿಷ ಮುಂಚೆಯೇ ಬಸಿದುಬಿಡಿ. ನಡುವೆ ಸ್ವಲ್ಪ ಗಟ್ಟಿ ಇರಬೇಕು. ಉಳಿದ ನೀರನ್ನು ಅದು ಸಾಸ್‌ನಿಂದ ಹೀರುತ್ತದೆ, ಹೀರುವಾಗ ರುಚಿಯೂ ಒಳಗೆ ಹೋಗುತ್ತದೆ. ಪೂರ್ತಿ ಬೆಂದ ಪಾಸ್ತಾ ಹಾಕಿದರೆ ಅದು ಓವನ್‌ನಲ್ಲಿ ಮತ್ತೆ ಅರ್ಧ ಗಂಟೆ ನೀರು ಕುಡಿದು ಮೆತ್ತಗಾಗುತ್ತದೆ. ಎರಡನೆಯ ದಾರಿ, ಕುದಿಸದೆ ನೇರವಾಗಿ ಹಾಕುವುದು. ಇದಕ್ಕೆ ಸಾಸ್ ಸೂಪ್‌ನಷ್ಟು ತೆಳ್ಳಗಿರಬೇಕು, ಬಿಸಿಯಾಗಿರಬೇಕು, ಪ್ರತಿಯೊಂದು ಚೂರೂ ಅದರಲ್ಲಿ ಮುಳುಗಿರಬೇಕು. ಮೇಲೆ ತೇಲುವ ಚೂರು ಒಣಗಿ ಹಲ್ಲಿಗೆ ತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಸ್‌ನಲ್ಲಿ ಎಷ್ಟು ನೀರಿದೆ ಅನ್ನುವುದಷ್ಟೇ ಮುಖ್ಯವಲ್ಲ, ಆ ನೀರು ಬಿಡುವಾಗಿದೆಯೇ ಅನ್ನುವುದೂ ಮುಖ್ಯ. ಮೈದಾ ಹಾಕಿ ಗಟ್ಟಿ ಮಾಡಿದ ಸಾಸ್‌ನಲ್ಲಿ ನೀರನ್ನು ಮೈದಾ ಆಗಲೇ ಹಿಡಿದುಕೊಂಡಿರುತ್ತದೆ. ಅದರೊಳಗೆ ಹಸಿ ಅಕ್ಕಿ ಹಾಕಿದರೆ ನೀರು ಕಾಳಿನ ಒಳಗೆ ಹೋಗುವುದು ಬಹಳ ನಿಧಾನ. ದಪ್ಪ ಬಿಳಿ ಸಾಸ್ ಜೊತೆ ಹಸಿ ಅಕ್ಕಿ ಹಾಕಿದ ಕ್ಯಾಸರೋಲ್ ಒಂದು ಗಂಟೆ ಕಳೆದರೂ ಬೇಯದಿರಲು ಇದೇ ಕಾರಣ. ದಪ್ಪ ಸಾಸ್‌ಗೆ ಬೆಂದ ಪಿಷ್ಟ, ತೆಳು ಸಾಸ್‌ಗೆ ಹಸಿ ಪಿಷ್ಟ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಇದನ್ನು ಇಟ್ಟುಕೊಳ್ಳಿ.

ಆಲೂಗಡ್ಡೆ ಈ ಲೆಕ್ಕದಿಂದ ಹೊರಗೆ. ಅದರೊಳಗೇ ಬೇಕಾದಷ್ಟು ನೀರಿದೆ. ಅದಕ್ಕೆ ಬೇಕಾದದ್ದು ಶಾಖ ಮತ್ತು ಸಮಯ. 3 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿದರೆ ಮುಚ್ಚಿದ ಪಾತ್ರೆಯಲ್ಲಿ ಒಂದು ಗಂಟೆಯೊಳಗೆ ಬೇಯುತ್ತದೆ. ಟೊಮ್ಯಾಟೊ ಸಾಸ್ ಇದ್ದರೆ ಮಾತ್ರ ಎಚ್ಚರ. ಹುಳಿಯಲ್ಲಿ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಅಂಥಲ್ಲಿ ಮೊದಲೇ ಮುಕ್ಕಾಲು ಪಾಲು ಬೇಯಿಸಿಕೊಳ್ಳಬೇಕು.

ಸಾಸ್ ಹದ

ಕಪಾಟಿನ ಸಾಮಾನಿನಿಂದ ಆಗುವ ಸಾಸ್‌ಗಳಲ್ಲಿ ನನಗೆ ಬಿಳಿ ಸಾಸ್ ಮೇಲೆ ಹೆಚ್ಚು ನಂಬಿಕೆ. ಅರ್ಧ ಲೀಟರ್ ಹಾಲಿಗೆ 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ. ಬೆಣ್ಣೆ ಇಲ್ಲದಿದ್ದರೆ ಮೂರು ದೊಡ್ಡ ಚಮಚ ಎಣ್ಣೆ ಸಾಕು. ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಒಂದೆರಡು ನಿಮಿಷ ಹುರಿದು, ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕೈಬಿಡದೆ ತಿರುವಬೇಕು.

ಮೈದಾವನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟುವುದು ಯಾಕೆ? ಹಿಟ್ಟಿನ ಉಂಡೆಯ ಹೊರಮೈ ಬಿಸಿ ತಾಗಿದ ತಕ್ಷಣ ನೀರು ಹೀರಿ ಅಂಟಾಗುತ್ತದೆ. ಆ ಅಂಟು ಪದರ ಒಳಗಿನ ಒಣ ಹಿಟ್ಟಿಗೆ ನೀರು ತಲುಪಲು ಬಿಡುವುದಿಲ್ಲ. ಮೊದಲೇ ಕೊಬ್ಬಿನಲ್ಲಿ ಹುರಿದರೆ ಪ್ರತಿ ಕಣಕ್ಕೂ ಎಣ್ಣೆಯ ಲೇಪ ಬಂದು ಕಣಗಳು ಒಂದಕ್ಕೊಂದು ಅಂಟದೆ ದೂರ ಉಳಿಯುತ್ತವೆ. ಇನ್ನೊಂದು ಮಾತು. ಹಿಟ್ಟಿನ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಬ್ಬತೊಡಗಿದರೂ ಸಾಸ್ ಪೂರ್ತಿ ಗಟ್ಟಿಯಾಗುವುದು ಕುದಿಯುವ ಹತ್ತಿರ ಬಂದಾಗ. ಬೆಚ್ಚಗಿರುವಾಗಲೇ "ಇನ್ನೂ ತೆಳ್ಳಗಿದೆ" ಅಂತ ಮತ್ತಷ್ಟು ಮೈದಾ ಸುರಿಯಬೇಡಿ. ಒಂದು ಕುದಿ ಬರಲಿ, ಆಮೇಲೆ ನೋಡಿ. ಚಮಚದ ಹಿಂಬದಿಗೆ ಲೇಪದಂತೆ ಅಂಟಿ, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಂತರೆ ಹದ ಬಂದಿದೆ ಎಂದರ್ಥ.

ತಾಜಾ ಹಾಲು ಬೇಕೇ ಬೇಕು ಅಂತೇನಿಲ್ಲ. ಅರ್ಧ ಲೀಟರ್ ನೀರಿಗೆ 60 ಗ್ರಾಂನಷ್ಟು ಹಾಲಿನ ಪುಡಿ ಕದಡಿಕೊಂಡರೆ ಈ ಸಾಸ್‌ಗೆ ಧಾರಾಳವಾಗಿ ಆಯಿತು. ಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಪೇಸ್ಟ್ ಮಾಡಿಕೊಂಡು ಆಮೇಲೆ ತೆಳ್ಳಗೆ ಮಾಡಿ.

ಹಾಲು, ಟೊಮ್ಯಾಟೊ ಎರಡೂ ಸೇರಿದರೆ ಒಡೆಯುತ್ತದೆ ಅನ್ನುವ ಭಯ ಸಹಜ. ಬರೀ ಹಾಲಿಗೆ ಹುಳಿ ಬಿದ್ದರೆ ಒಡೆಯುವುದೂ ನಿಜ. ಆದರೆ ಮೈದಾ ಹಾಕಿ ಕುದಿಸಿದ ಸಾಸ್‌ನಲ್ಲಿ ಪಿಷ್ಟ ಹಾಲಿನ ಪ್ರೋಟೀನ್‌ಗಳ ನಡುವೆ ತುಂಬಿಕೊಂಡು ಅವು ಒಟ್ಟುಗೂಡಿ ಗಂಟಾಗುವುದನ್ನು ತಡೆಯುತ್ತದೆ. ಹಾಗಾಗಿ ಬಿಳಿ ಸಾಸ್ ಪೂರ್ತಿ ಆದ ಮೇಲೆ, ಬತ್ತಿಸಿದ ಟೊಮ್ಯಾಟೊವನ್ನು ನಿಧಾನವಾಗಿ ಬೆರೆಸಿ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಚೀಸ್ ಇದ್ದರೆ ಸಾಸ್ ಇಳಿಸಿದ ಮೇಲೆ ಹಾಕಿ. ಕುದಿಯುವ ಸಾಸ್‌ಗೆ ಬಿದ್ದ ಚೀಸ್‌ನ ಪ್ರೋಟೀನ್ ಬಿಗಿಯಾಗಿ ಕೊಬ್ಬನ್ನು ಹಿಂಡಿಬಿಡುತ್ತದೆ. ಆಗ ಎಣ್ಣೆ ಬೇರೆ, ಮರಳಿನಂಥ ಕಣ ಬೇರೆ ಆಗುತ್ತದೆ.

ಒಣ ಕಾಳಿನ ವಿಷಯದಲ್ಲಿ ಅವಸರ ಬೇಡ

ಟಿನ್ ಕಾಳು ಬೆಂದೇ ಬಂದಿರುತ್ತದೆ. ಬಸಿದು, ತೊಳೆದು ಹಾಕಿದರೆ ಆಯಿತು. ತೊಳೆದರೆ ಟಿನ್‌ನ ಉಪ್ಪೂ ಸಾಕಷ್ಟು ಹೋಗುತ್ತದೆ. ಒಣ ಕಾಳು ಹಾಗಲ್ಲ. ಒಂದು ಕಪ್ ಒಣ ಕಾಳು ನೆನೆದು ಬೆಂದರೆ ಎರಡೂವರೆಯಿಂದ ಮೂರು ಕಪ್ ಆಗುತ್ತದೆ. ಅದನ್ನು ಹಸಿಯಾಗಿ ಕ್ಯಾಸರೋಲ್‌ಗೆ ಹಾಕಿದರೆ ಸಾಸ್‌ನ ನೀರನ್ನೆಲ್ಲ ಕುಡಿದರೂ ಬೇಯುವುದಿಲ್ಲ. ಟೊಮ್ಯಾಟೊದ ಹುಳಿ ಕಾಳಿನ ಸಿಪ್ಪೆಯನ್ನು ಗಟ್ಟಿಯಾಗಿಯೇ ಉಳಿಸುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ಕತ್ತರಿಸಿದ ಟೊಮ್ಯಾಟೊ ಟಿನ್‌ಗಳಲ್ಲಿ ಹೋಳು ಕರಗದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುವುದೂ ಉಂಟು. ಅಂಥ ಟಿನ್ ಬಳಸಿದರೆ ಹುಳಿ, ಕ್ಯಾಲ್ಸಿಯಂ ಎರಡರ ಏಟೂ ಒಟ್ಟಿಗೇ ಬೀಳುತ್ತದೆ. ಆದ್ದರಿಂದ ಬೆರಳಲ್ಲಿ ಹಿಚುಕಿದರೆ ಮೆತ್ತಗಾಗುವಷ್ಟು ಬೆಂದ ಕಾಳಿಗೆ ಮಾತ್ರ ಟೊಮ್ಯಾಟೊ ಸೇರಿಸಿ. ನೆನೆಸುವ ನೀರಿಗೆ ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ಹೇಳುವವರಿದ್ದಾರೆ. ಅದು ನಿಜವಲ್ಲ. ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ.

ರಾಜ್ಮಾ ಬಗ್ಗೆ ಮಾತ್ರ ಗಂಭೀರವಾಗಿ ಹೇಳಲೇಬೇಕು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷಕಾರಿ ಪ್ರೋಟೀನ್ ಇರುತ್ತದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ಜೋರಾಗಿ ವಾಂತಿ, ಭೇದಿ ಶುರುವಾಗಬಹುದು. ಇದು ನಾಶವಾಗಬೇಕಾದರೆ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಬೇಕು. ಅರ್ಧ ಗಂಟೆ ಕುದಿಸಿದರೆ ಇನ್ನೂ ಒಳ್ಳೆಯದು. ನಿಧಾನ ಶಾಖದಲ್ಲಿ, ಕುದಿಯೇ ಬರದೆ, 80 ಡಿಗ್ರಿ ಹತ್ತಿರ ಎಷ್ಟೇ ಹೊತ್ತು ಇಟ್ಟರೂ ವಿಷ ಹೋಗುವುದಿಲ್ಲ. ಅಂಥ ಅರೆಬೆಂದ ಕಾಳಿನಲ್ಲಿ ವಿಷದ ಪ್ರಭಾವ ಹಸಿ ಕಾಳಿಗಿಂತಲೂ ಹೆಚ್ಚಾಗಬಹುದು. ದಪ್ಪಗೆ ತುಂಬಿದ ಕ್ಯಾಸರೋಲ್‌ನ ನಡುಭಾಗ ಬಿಸಿಯಾಗುವುದು ಹೀಗೇ, ನಿಧಾನವಾಗಿ. ಅದಕ್ಕೇ ಒಣ ರಾಜ್ಮಾವನ್ನು ಒಲೆಯ ಮೇಲೆ ಪೂರ್ತಿ ಬೇಯಿಸಿಯೇ ಹಾಕಿ.

ಸಮಯ ಇಲ್ಲದ ದಿನ ಬೇಳೆಗಳೇ ದಿಕ್ಕು. ಕೆಂಪು ಮಸೂರ್ ಬೇಳೆಯನ್ನು ನೆನೆಸುವುದೂ ಬೇಡ. ಸಾಸ್‌ಗೆ ಸ್ವಲ್ಪ ಜಾಸ್ತಿ ನೀರು ಹಾಕಿ ಅದರಲ್ಲೇ ಬೇಯಿಸಿದರೆ ಅದು ಕರಗಿ ಸಾಸ್ ಅನ್ನೂ ಗಟ್ಟಿ ಮಾಡುತ್ತದೆ. ಆಗ ಮೈದಾ ಹಾಕುವ ಅಗತ್ಯವೂ ಇರುವುದಿಲ್ಲ.

ರುಚಿ ಎಲ್ಲಿಂದ ಬರಬೇಕು

ಟಿನ್, ಪೊಟ್ಟಣಗಳ ಅಡುಗೆ ಸಪ್ಪೆ ಅನ್ನುವ ದೂರಿನಲ್ಲಿ ಸತ್ಯ ಇದೆ. ಮುಚ್ಚಿದ ಪಾತ್ರೆಯೊಳಗೆ ನೀರಿರುವ ತನಕ ಶಾಖ 100 ಡಿಗ್ರಿ ದಾಟುವುದಿಲ್ಲ. ಹುರಿದಾಗ ಬರುವ ಕಂದು ಬಣ್ಣ, ಘಮ ಹುಟ್ಟಲು ಸುಮಾರು 140 ಡಿಗ್ರಿಯ ಒಣ ಶಾಖ ಬೇಕು. ಅಂದರೆ ಒಳಗೆ ಇರುವ ಸಾಮಾನಿಗೆ ಓವನ್ ಆ ರುಚಿಯನ್ನು ಕೊಡುವುದಿಲ್ಲ. ಅದನ್ನು ಮೊದಲೇ ಬಾಣಲೆಯಲ್ಲಿ ಸಂಪಾದಿಸಿಕೊಳ್ಳಬೇಕು.

ಹಾಗಾಗಿ ಈರುಳ್ಳಿಯನ್ನು ಹೊಂಬಣ್ಣಕ್ಕೆ ಬರುವ ತನಕ ಹುರಿಯಲು 10-12 ನಿಮಿಷ ಕೊಡಿ. ಬೆಳ್ಳುಳ್ಳಿ ಹಾಕಿ. ಟೊಮ್ಯಾಟೊ ಪೇಸ್ಟ್ ಅನ್ನು ಎಣ್ಣೆಯಲ್ಲಿ ಹುರಿಯಿರಿ. ಕೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿ ಎಣ್ಣೆ ಬಿಟ್ಟಾಗ ಹಸಿ ಹುಳಿ ಹೋಗಿ ಸಿಹಿ ಬಂದಿರುತ್ತದೆ. ಒಣ ಮಸಾಲೆ, ಒಣ ಸೊಪ್ಪುಗಳನ್ನೂ ಈ ಎಣ್ಣೆಗೇ ಹಾಕಿ. ಅವುಗಳ ಘಮ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ತಳಕ್ಕೆ ಅಂಟಿದ ಕಂದು ಪದರವನ್ನು ಒಂದು ಸೌಟು ನೀರು ಹಾಕಿ ಕೆರೆದು ಸಾಸ್‌ಗೇ ಸೇರಿಸಿ. ರುಚಿ ಇರುವುದೇ ಅಲ್ಲಿ. ಮಾಂಸದ ರಸದಂಥ ಆಳವಾದ ರುಚಿ ಬೇಕೆಂದರೆ ಒಂದು ಚಮಚ ಸೋಯಾ ಸಾಸ್ ಅಥವಾ ಬಿಸಿನೀರಿನಲ್ಲಿ ನೆನೆಸಿದ ಒಣ ಅಣಬೆ ಸಾಕು. ಅಣಬೆ ನೆನೆಸಿದ ನೀರನ್ನು ಸೋಸಿ ಬಳಸಿ, ಚೆಲ್ಲಬೇಡಿ.

ಉಪ್ಪು ಒಟ್ಟು ಅಡುಗೆಯ ಒಂದು ಕಿಲೋಗೆ 8ರಿಂದ 10 ಗ್ರಾಂ ಇರಬೇಕು. ಇದರಲ್ಲಿ ಟಿನ್, ಚೀಸ್, ಸೋಯಾ ಸಾಸ್‌ನಿಂದ ಬರುವ ಉಪ್ಪೂ ಸೇರಿದೆ. ಕಲಸುವ ಮುಂಚೆ ಸಾಸ್ ರುಚಿ ನೋಡಿದಾಗ ಅದು ಒಂದು ಎಳೆ ಹೆಚ್ಚೇ ಉಪ್ಪು ಅನಿಸಬೇಕು. ಸಪ್ಪೆ ಪಾಸ್ತಾ, ಸಪ್ಪೆ ಕಾಳು ಸೇರಿದ ಮೇಲೆ ಅದು ಹದಕ್ಕೆ ಬರುತ್ತದೆ.

ಓವನ್‌ನಲ್ಲಿ ಏನು ನಡೆಯುತ್ತದೆ

ಬಹುತೇಕ ಕ್ಯಾಸರೋಲ್‌ಗಳಿಗೆ 180 ಡಿಗ್ರಿ ಸರಿಯಾದ ಶಾಖ. ಮೊದಲ ಹಂತದಲ್ಲಿ ಮುಚ್ಚಿ, ಕೊನೆಯ ಹಂತದಲ್ಲಿ ತೆರೆದು ಬೇಯಿಸಬೇಕು. ಮುಚ್ಚಿದಾಗ ಆವಿ ಒಳಗೇ ಸುತ್ತಿ ಪಿಷ್ಟವನ್ನು ಬೇಯಿಸುತ್ತದೆ. ತೆರೆದಾಗ ಮೇಲ್ಮೈ ಒಣಗುತ್ತದೆ. ಒಣಗಿದ ಮೇಲಷ್ಟೇ ಅಲ್ಲಿನ ಶಾಖ 100 ಡಿಗ್ರಿ ದಾಟಿ ಕಂದು ಬಣ್ಣ ಬರಲು ಸಾಧ್ಯ. ಎರಡು ಹಂತವನ್ನೂ ಒಂದಾಗಿಸಿ ಮೊದಲಿನಿಂದಲೇ ತೆರೆದಿಟ್ಟರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ.

ಹೊದಿಕೆಗೆ ಒಣ ಬ್ರೆಡ್ ಪುಡಿ ಉತ್ತಮ. ಒಂದು ಕಪ್ ಪುಡಿಗೆ ಎರಡು ಮೂರು ದೊಡ್ಡ ಚಮಚ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ ಹಾಕಿ ಕೈಯಲ್ಲಿ ತಿಕ್ಕಿ. ಕೊಬ್ಬಿಲ್ಲದ ಬರೀ ಪುಡಿ ಕೆಳಗಿನ ಸಾಸ್ ಹೀರಿ ಅಂಟಾಗುತ್ತದೆ. ಓಟ್ಸ್, ಪುಡಿ ಮಾಡಿದ ಉಪ್ಪು ಬಿಸ್ಕತ್ತು, ಕಾರ್ನ್‌ಫ್ಲೇಕ್ಸ್ ಕೂಡ ಆಗುತ್ತವೆ. ಇದನ್ನು ಫಾಯಿಲ್ ತೆಗೆದ ಮೇಲೆಯೇ ಹರಡಿ. ಮುಚ್ಚಿದ ಪಾತ್ರೆಯಲ್ಲಿ ಆವಿ ತಾಗಿ ಮೆತ್ತಗಾದ ಪುಡಿ ಆಮೇಲೆ ಗರಿಗರಿಯಾಗುವುದು ಕಷ್ಟ.

ಪಾತ್ರೆಯ ಆಳವನ್ನು ಜನ ಅಷ್ಟಾಗಿ ಲೆಕ್ಕಿಸುವುದಿಲ್ಲ. ಗಟ್ಟಿ ಅಡುಗೆಯೊಳಗೆ ಶಾಖ ಹೊರಗಿನಿಂದ ಒಳಕ್ಕೆ ತೆವಳುತ್ತ ಹೋಗಬೇಕು. ದಪ್ಪ ಎರಡು ಪಟ್ಟಾದರೆ ನಡುಭಾಗ ಬಿಸಿಯಾಗಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕಾಗುತ್ತದೆ. ಅದಕ್ಕೇ ಆಳದ ಪಾತ್ರೆಗಿಂತ ಅಗಲದ ಪಾತ್ರೆ ಮೇಲು. 23×33 ಸೆಂ.ಮೀ. ಅಳತೆಯ, 5 ಸೆಂ.ಮೀ. ಆಳದ ಪಾತ್ರೆ ಮೂರು ಲೀಟರ್‌ಗೂ ಹೆಚ್ಚು ಹಿಡಿಯುತ್ತದೆ. ಐದಾರು ಜನರ ಅಡುಗೆಗೆ ಅದು ಸರಿ. ಗಾಜಿನ ಪಾತ್ರೆಯಾದರೆ ಫ್ರಿಜ್‌ನಿಂದ ತೆಗೆದು ನೇರವಾಗಿ ಬಿಸಿ ಓವನ್‌ಗೆ ಇಡಬೇಡಿ, ಬಿಸಿ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೂ ಇಡಬೇಡಿ. ಓವನ್‌ಗೆಂದೇ ಮಾಡಿದ ಗಾಜು ಕೂಡ ಒಮ್ಮೆಲೇ ಶಾಖ ಬದಲಾದರೆ ಸಿಡಿಯಬಹುದು.

ಅಂಚಿನಲ್ಲಷ್ಟೇ ಅಲ್ಲ, ನಡುವಿನಲ್ಲೂ ಗುಳ್ಳೆ ಏಳುತ್ತಿದ್ದರೆ ಬೆಂದಿದೆ. ಹೊರತೆಗೆದ ಮೇಲೆ 10-15 ನಿಮಿಷ ಮುಟ್ಟದೆ ಬಿಡಿ. ಈಗಷ್ಟೇ ಇಳಿಸಿದ ಸಾಸ್ ಯಾವಾಗಲೂ ತೆಳ್ಳಗೆ ಕಾಣುತ್ತದೆ. ಸ್ವಲ್ಪ ಆರಿದಂತೆ ಪಿಷ್ಟ ಬಿಗಿದು ಸಾಸ್ ಗಟ್ಟಿಯಾಗುತ್ತದೆ. "ನೀರಾಯಿತು" ಅನ್ನುವ ಎಷ್ಟೋ ಕ್ಯಾಸರೋಲ್‌ಗಳಿಗೆ ಬೇಕಾಗಿದ್ದದ್ದು ಈ ಹತ್ತು ನಿಮಿಷ ಮಾತ್ರ.

ಒಂದು ಪೂರ್ತಿ ಲೆಕ್ಕ

ಮೇಲೆ ಹೇಳಿದ್ದನ್ನೆಲ್ಲ ಒಂದೇ ಅಡುಗೆಯಲ್ಲಿ ನೋಡೋಣ. 250 ಗ್ರಾಂ ಸಣ್ಣ ಪಾಸ್ತಾ, ಎರಡು ಟಿನ್ ಕಾಬೂಲಿ ಕಡಲೆ (ಬಸಿದ ಮೇಲೆ ಸುಮಾರು 480 ಗ್ರಾಂ), 400 ಗ್ರಾಂ ಟೊಮ್ಯಾಟೊ ಟಿನ್, ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಟೊಮ್ಯಾಟೊ ಪೇಸ್ಟ್, ಒಂದು ಕಪ್ ಫ್ರೀಜರ್ ಬಟಾಣಿ, ಜೊತೆಗೆ ಅರ್ಧ ಲೀಟರ್ ಹಾಲಿನ ಬಿಳಿ ಸಾಸ್.

ಈರುಳ್ಳಿ, ಬೆಳ್ಳುಳ್ಳಿ, ಪೇಸ್ಟ್ ಹುರಿದು, ಟೊಮ್ಯಾಟೊ ಹಾಕಿ ಐದು ನಿಮಿಷ ಬತ್ತಿಸಿ, ಬಿಳಿ ಸಾಸ್‌ಗೆ ಬೆರೆಸಿ. ಒಟ್ಟು ಸಾಸ್ ಒಂದು ಲೀಟರ್‌ಗೆ ಸ್ವಲ್ಪ ಕಡಿಮೆ ಇರುತ್ತದೆ. ಪಾಸ್ತಾವನ್ನು ಮೂರು ನಿಮಿಷ ಮುಂಚೆ ಬಸಿದಿದ್ದೀರಿ, ಅದು ಇನ್ನು 100 ಮಿ.ಲೀ.ನಷ್ಟು ಕುಡಿಯುತ್ತದೆ. ಬಟಾಣಿ ಸ್ವಲ್ಪ ನೀರು ಬಿಡುತ್ತದೆ. ಕೊನೆಗೆ ತೆರೆದಿಟ್ಟಾಗ ಒಂದಿಷ್ಟು ಆವಿಯಾಗುತ್ತದೆ. ಇಷ್ಟೆಲ್ಲ ಹೋಗಿ ಪ್ರತಿ ಚೂರನ್ನೂ ಒದ್ದೆಯಾಗಿಡಲು ಬೇಕಾದಷ್ಟು ಸಾಸ್ ಉಳಿಯುತ್ತದೆ. ಎಲ್ಲ ಕಲಸಿ, ಪಾತ್ರೆಗೆ ಹಾಕಿದಾಗ ಮೂರು ಸೆಂ.ಮೀ. ಆಳ ಬರುತ್ತದೆ. ಮುಚ್ಚಿ 20 ನಿಮಿಷ, ಹೊದಿಕೆ ಹರಡಿ ತೆರೆದು 15ರಿಂದ 20 ನಿಮಿಷ.

ಪಾಸ್ತಾ ಕುದಿಸುವ ಕೆಲಸವೇ ಬೇಡ ಅನಿಸಿದರೆ? 250 ಗ್ರಾಂ ಒಣ ಪಾಸ್ತಾ ಒಟ್ಟು 300 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಸಾಸ್ ಲೆಕ್ಕದಲ್ಲಿ 100 ಮಿ.ಲೀ. ಆಗಲೇ ಸೇರಿದೆ. ಆವಿಗೂ ಸ್ವಲ್ಪ ಬಿಟ್ಟು ಇನ್ನೂ 250ರಿಂದ 300 ಮಿ.ಲೀ. ಕುದಿಯುವ ನೀರು ಸೇರಿಸಿ, ಮೈದಾ ಅರ್ಧಕ್ಕೆ ಇಳಿಸಿ, ಮುಚ್ಚಿಡುವ ಸಮಯ 40 ನಿಮಿಷಕ್ಕೆ ಏರಿಸಿ. ಪಾಸ್ತಾ ಬದಲು ಅಕ್ಕಿ ಆದರೆ ಬಿಳಿ ಸಾಸ್ ಬಿಟ್ಟು ತೆಳು ಟೊಮ್ಯಾಟೊ ಸಾರಿನಲ್ಲಿ ಬೇಯಿಸಿ, ಕ್ರೀಮ್, ಚೀಸ್ ಏನಿದ್ದರೂ ಅಕ್ಕಿ ಬೆಂದ ಮೇಲೆ ಬೆರೆಸಿ.

ಓವನ್ ಇಲ್ಲದಿದ್ದರೂ ಇದೇ ಅಡುಗೆ ದಪ್ಪ ತಳದ ಅಗಲ ಬಾಣಲೆಯಲ್ಲಿ ಆಗುತ್ತದೆ. ಮುಚ್ಚಳ ಹಾಕಿ ತೀರಾ ಸಣ್ಣ ಉರಿಯಲ್ಲಿ ಬೇಯಿಸಿ. ಕೆಳಗಿನಿಂದ ಮಾತ್ರ ಶಾಖ ಬರುವುದರಿಂದ ತಳ ಹಿಡಿಯದಂತೆ ಸಾಸ್ ಒಂದು ಎಳೆ ತೆಳ್ಳಗಿರಲಿ. ಬ್ರೆಡ್ ಪುಡಿಯನ್ನು ಬೇರೆ ಬಾಣಲೆಯಲ್ಲಿ ಬೆಣ್ಣೆ ಹಾಕಿ ಹುರಿದು ಬಡಿಸುವಾಗ ಮೇಲೆ ಉದುರಿಸಿ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಅಕ್ಕಿ, ಪಾಸ್ತಾದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಬೆಚ್ಚಗೆ ಹೊರಗಿಟ್ಟ ಅಡುಗೆಯಲ್ಲಿ ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ದೊಡ್ಡ ಪಾತ್ರೆಯನ್ನು ಹಾಗೇ ಇಟ್ಟರೆ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಬೇಕು. ಚಿಕ್ಕ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ. ಮೂರು ನಾಲ್ಕು ದಿನದೊಳಗೆ ಮುಗಿಸಿ. ಫ್ರಿಜ್‌ನಲ್ಲಿದ್ದಷ್ಟೂ ಹೊತ್ತು ಪಾಸ್ತಾ ನೀರು ಕುಡಿಯುತ್ತಲೇ ಇರುತ್ತದೆ. ಅದಕ್ಕೇ ಮಾರನೆಯ ದಿನ ಬಿಸಿ ಮಾಡುವಾಗ ಒಂದೆರಡು ದೊಡ್ಡ ಚಮಚ ಹಾಲನ್ನೋ ನೀರನ್ನೋ ಚಿಮುಕಿಸಿ, ಮುಚ್ಚಿ, ನಡುಭಾಗ 74 ಡಿಗ್ರಿ ಮುಟ್ಟಿ ಹಬೆಯಾಡುವ ತನಕ ಬಿಸಿ ಮಾಡಿ. ಮುಚ್ಚಳ ತೆಗೆದು ಇನ್ನೈದು ನಿಮಿಷ ಓವನ್‌ನಲ್ಲಿ ಬಿಟ್ಟರೆ ಮೇಲಿನ ಪದರವೂ ಮತ್ತೆ ಗರಿಗರಿಯಾಗುತ್ತದೆ.